ಹಗಲೊಂದು ದಿಲ್ಲಿ, ರಾತ್ರಿಯೊಂದು ದಿಲ್ಲಿ: ನನ್ನ ಅನುಭವ

ದಿಲ್ಲಿ ಪ್ರವಾಸದಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ನಾಲ್ಕರವರೆಗೆ ಯಾರಿಗೂ ಏನನ್ನೂ ತೋರಿಸುವುದಿಲ್ಲ ಎಂದು ನಾನು ಪಟ್ಟಿ ಹಾಕಿದಾಗ ಶಿರಸಿ, ಕುಮಟಾ ಕಡೆಯಿಂದ ಗುಂಪು ಕಟ್ಟಿ ಪ್ರವಾಸ ಕರೆದೊಯ್ಯುವ ನಮ್ಮ ಕಸುಬಿನವರೆಲ್ಲ ನಕ್ಕಿದ್ದರು. "ಅಲ್ಲ ಮಾರಾಯ, ಅಷ್ಟು ದೂರ ಹೋಗಿ ಮಧ್ಯಾಹ್ನ ಮಲಗುವುದಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ?" ಎಂದು ಹಿರಿಯರೊಬ್ಬರು ನೇರವಾಗಿಯೇ ಕೇಳಿದರು. ಕೊಡುತ್ತಾರೆ. ಈಗ ನನ್ನ ಮಾರ್ಚ್ ಗುಂಪು ಸಂಕ್ರಾಂತಿ ಕಳೆಯುವಷ್ಟರಲ್ಲಿ ತುಂಬಿರುತ್ತದೆ. ಹೇಗೆ ಎಂದು ಕೇಳುವವರು ಹೆಚ್ಚಾಗಿದ್ದರಿಂದ ಬರೆಯುತ್ತಿದ್ದೇನೆ. ರೈಲು ಕಾಯ್ದಿರಿಸುವುದು, ಕೋಣೆ ಹಿಡಿಯುವುದು, ಗುರುತಿನ ಚೀಟಿ ಸಂಗ್ರಹಿಸುವುದು ನಿಮಗೆಲ್ಲ ಗೊತ್ತಿರುವ ಕೆಲಸ. ಅದನ್ನು ಬಿಡುತ್ತೇನೆ.

ಮೊದಲು ನಾನೂ ಎಲ್ಲರ ಹಾಗೆಯೇ ಮಾಡುತ್ತಿದ್ದೆ. ದಿಲ್ಲಿಯ ಒಬ್ಬ ಏಜೆಂಟರಿಗೆ ಹೇಳಿದರೆ ಇಪ್ಪತ್ತಾರು ಸೀಟಿನ ಬಸ್ಸು ಬರುತ್ತಿತ್ತು, ದಿನಕ್ಕೆ ಒಂಬತ್ತು-ಹತ್ತು ಸಾವಿರ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆಯೊಳಗೆ ಹತ್ತು ಸ್ಥಳ. ಅದರಲ್ಲಿ ಇಳಿದು ನೋಡುವುದು ನಾಲ್ಕು, ಕಿಟಕಿಯಿಂದ ನೋಡುವುದು ಆರು. ಇಂಡಿಯಾ ಗೇಟಿನ ಸುತ್ತ ದೊಡ್ಡ ಬಸ್ಸು ನಿಲ್ಲಿಸಲು ಬಿಡುವುದಿಲ್ಲ. ಒಂದು ಸುತ್ತು ಹಾಕುವಷ್ಟರಲ್ಲಿ ಬಲಗಡೆ ಕುಳಿತವರು ನೋಡಿದರು, ಎಡಗಡೆಯವರು ನೋಡಲಿಲ್ಲ ಎಂಬ ತಕರಾರು. ಮಧ್ಯಾಹ್ನ ಕುತುಬ್ ಮಿನಾರಿನ ಹಾಸುಗಲ್ಲಿನ ಮೇಲೆ ಎಪ್ಪತ್ತು ದಾಟಿದ ಅಜ್ಜಂದಿರು ನೆರಳು ಹುಡುಕುತ್ತಿದ್ದರೇ ಹೊರತು ಮಿನಾರನ್ನು ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಬಸ್ಸು ತಾನಾಗಿಯೇ ಒಂದು ಎಂಪೋರಿಯಮ್ಮಿನ ಮುಂದೆ ನಿಲ್ಲುತ್ತಿತ್ತು. ಎರಡು ಗಂಟೆ ಅಲ್ಲಿ, ತಣ್ಣನೆಯ ಗಾಳಿ, ಚಹಾ, ಕಂಬಳಿ, ಶಾಲು. ಅಗ್ಗದ ಬಸ್ಸಿನ ರಹಸ್ಯ ಅಲ್ಲಿತ್ತು: ಕೊಂಡ ಮಾಲಿನ ಮೇಲೆ ಏಜೆಂಟರಿಗೂ ಚಾಲಕನಿಗೂ ಪಾಲು.

ಅಂಗಡಿ ಬೇಡ ಎಂದಾಗ ಏಜೆಂಟರು ಬಸ್ಸಿನ ದರ ಏರಿಸಿದರು. ಜನರಿಂದ ಹಣ ಪಡೆದಾಗಿತ್ತು, ಏರಿದ್ದನ್ನು ನಾನೇ ಭರಿಸಬೇಕಾಯಿತು. ಹೊಸ ಕ್ರಮದ ಮೊದಲ ಎರಡು ಮೂರು ಗುಂಪುಗಳಲ್ಲಿ ನಲವತ್ತು ಸಾವಿರದ ಆಸುಪಾಸು ಕೈಬಿಟ್ಟಿತು. ಮನೆಯಲ್ಲಿ ಅಡಕೆ ಇಲ್ಲದಿದ್ದರೆ ಕಸುಬೇ ಬಿಡಬೇಕಾಗುತ್ತಿತ್ತು.

ದಾರಿ ಸಿಕ್ಕಿದ್ದು ಮೆಟ್ರೊ ನಕ್ಷೆಯಲ್ಲಿ. ಕಾರವಾರದಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದವರು ಇಳಿಯುವುದು ಹಜರತ್ ನಿಜಾಮುದ್ದೀನಿನಲ್ಲಿ. ನಾವು ಮಾತ್ರ ಅಲ್ಲಿಂದ ಇಡೀ ಊರು ದಾಟಿ ಕರೋಲ್‌ಬಾಗಿಗೆ ಹೋಗಿ ಕೋಣೆ ಹಿಡಿಯುತ್ತಿದ್ದೆವು, ಯಾಕೆಂದರೆ ಎಲ್ಲರೂ ಅಲ್ಲೇ ಹಿಡಿಯುತ್ತಾರೆ! ನಿಜಾಮುದ್ದೀನಿನ ಮಗ್ಗುಲಲ್ಲೇ ಜಂಗಪುರ, ಲಾಜಪತ ನಗರ ಇವೆ, ಎರಡೂ ನೇರಳೆ ಮಾರ್ಗದ ಮೇಲೆ. ಅದೇ ಮಾರ್ಗದಲ್ಲಿ ಸೆಂಟ್ರಲ್ ಸೆಕ್ರೆಟೇರಿಯಟ್ಟಿನಲ್ಲಿ ಇಳಿದರೆ ಕರ್ತವ್ಯ ಪಥ. ಮುಂದೆ ಹೋದರೆ ಜಾಮಾ ಮಸೀದಿ, ಅದರ ನಂತರದ ನಿಲ್ದಾಣವೇ ಲಾಲ್ ಕಿಲಾ. ಗಾಡಿ ಬದಲಿಸುವ ಗೋಜಿಲ್ಲ. ಹಗಲಿನ ಬಸ್ಸನ್ನು ಅಲ್ಲಿಗೇ ಕೈಬಿಟ್ಟೆ. ರಾತ್ರಿಗೆ ಮಾತ್ರ ಟೆಂಪೊ ಟ್ರಾವೆಲರ್. ಸಂಜೆ ಐದರಿಂದ ಹತ್ತೂವರೆಯವರೆಗೆ ಮೂರೂವರೆ ಸಾವಿರದೊಳಗೆ ಮುಗಿಯುತ್ತದೆ, ಚಾಲಕನ ಬಾಟಾ ಸೇರಿ. ಗುಂಪು ಹದಿನಾರು ಜನ. ಹದಿನೇಳನೆಯವರು ಎಷ್ಟೇ ಹತ್ತಿರದವರಾದರೂ ಇಲ್ಲ.

ಮೆಟ್ರೊದಲ್ಲಿ ಮೊದಲ ಬಾರಿಯೇ ಎಡವಟ್ಟಾಯಿತು. ಅರ್ಧ ಜನ ಒಳಗೆ, ಬಾಗಿಲು ಮುಚ್ಚಿತು, ಉಳಿದವರು ಹೊರಗೆ. ಒಳಗಿದ್ದವರು ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಬಂದರು, ಅಷ್ಟರಲ್ಲಿ ಹೊರಗಿದ್ದವರು ಹಿಂದಿನಿಂದ ಬಂದ ಗಾಡಿ ಹತ್ತಿ ಮುಂದೆ ಹೋಗಿದ್ದರು. ಈಗ ಒಂದೇ ನಿಯಮ: ಒಳಗಿದ್ದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಹೊರಗಿದ್ದವರು ಮುಂದಿನ ಗಾಡಿ ಹತ್ತಬೇಕು, ಹಿಂದಕ್ಕೆ ಯಾರೂ ಬರಬಾರದು. ಇದನ್ನು ಕಾರವಾರದ ಪ್ಲಾಟ್‌ಫಾರ್ಮಿನಲ್ಲೇ ಒಪ್ಪಿಸಿಕೊಳ್ಳುತ್ತೇನೆ. ಇನ್ನೊಂದು ತಾಪತ್ರಯ ಕವಳದ, ಅಂದರೆ ಎಲೆ-ಅಡಕೆಯ ಸಂಚಿ. ಅಡಕತ್ತರಿ, ಸುಣ್ಣದ ಡಬ್ಬಿ, ಸಣ್ಣ ಚೂರಿ ಎಲ್ಲವೂ ತಪಾಸಣೆಯ ಯಂತ್ರದಲ್ಲಿ ಕಾಣುತ್ತವೆ. ಹೆಗಡೆಯವರೊಬ್ಬರ ಅಜ್ಜನ ಕಾಲದ ಅಡಕತ್ತರಿ ಹೀಗೇ ಹೋಯಿತು, ಪ್ರವಾಸ ಮುಗಿಯುವವರೆಗೂ ಅವರು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಈಗ ಅಡಕೆಯನ್ನು ಮನೆಯಲ್ಲೇ ಹೆರೆದು ತನ್ನಿ ಎನ್ನುತ್ತೇನೆ. ಉಗುಳುವುದಕ್ಕೆ ಮುಚ್ಚಳದ ಡಬ್ಬಿ ನಾನೇ ಕೊಡುತ್ತೇನೆ. ಅದರ ಖರ್ಚು ತಲೆಗೆ ಇಪ್ಪತ್ತು ರೂಪಾಯಿ, ದಂಡಕ್ಕಿಂತ ಎಷ್ಟೋ ಕಡಿಮೆ.

ಹಗಲಿನ ಪಾಳಿ ಬೆಳಿಗ್ಗೆ ಆರಕ್ಕೆ ಶುರು. ಕರ್ತವ್ಯ ಪಥದಲ್ಲಿ ವಿಜಯ ಚೌಕದ ಕಡೆಗೆ ನಡೆಸುತ್ತೇನೆ. ದೂರದಿಂದ ರಾಷ್ಟ್ರಪತಿ ಭವನ ಚೆನ್ನಾಗಿ ಕಾಣುತ್ತಿರುತ್ತದೆ. ಹತ್ತಿರವಾದಂತೆ ಏರಿನ ಹಿಂದೆ ಇಳಿಯುತ್ತ ಹೋಗಿ, ಚೌಕ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ ಗುಮ್ಮಟ ಮಾತ್ರ ಉಳಿಯುತ್ತದೆ. ಈ ಏರಿನ ವಿಷಯಕ್ಕೇ ಹೊಸ ದಿಲ್ಲಿಯ ವಾಸ್ತುಶಿಲ್ಪಿಗಳಾದ ಲುಟ್ಯೆನ್ಸ್ ಮತ್ತು ಹರ್ಬರ್ಟ್ ಬೇಕರ್ ಜಗಳಾಡಿ ಮಾತು ಬಿಟ್ಟಿದ್ದು. ಬಸ್ಸಿನಲ್ಲಿ ಹೋದವನಿಗೆ ಇದು ಯಾವ ಜನ್ಮಕ್ಕೂ ಕಾಣುವುದಿಲ್ಲ. ನಮ್ಮವರಿಗೆ ಬಹಳ ಖುಷಿ ಕೊಡುವುದು ಇಂಡಿಯಾ ಗೇಟಿನ ಪಕ್ಕದ ಮಂಟಪದಲ್ಲಿರುವ ನೇತಾಜಿಯ 28 ಅಡಿಯ ಕಪ್ಪು ಕಲ್ಲಿನ ಪ್ರತಿಮೆ. ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್ ಎಂದ ಕೂಡಲೇ ಫೋಟೋ ಹಿಡಿಯುವವರ ಸಾಲು. ಅಲ್ಲಿಂದ ತಿಂಡಿ, ಒಂಬತ್ತೂವರೆಗೆ ಕೆಂಪುಕೋಟೆ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆಯಿರಿ, ತಲೆಗೆ ಒಂದಿಷ್ಟು ರೂಪಾಯಿ ಉಳಿಯುವುದಕ್ಕಲ್ಲ, ಸಾಲು ಉಳಿಯುವುದಕ್ಕೆ. ಸೋಮವಾರ ಕೋಟೆ ಇಲ್ಲ, ಕಮಲ ಮಂದಿರವೂ ಇಲ್ಲ. ಆ ದಿನ ಕುತುಬ್ ಮಿನಾರ್ ಹಾಕಿಕೊಳ್ಳುತ್ತೇನೆ. ಹನ್ನೆರಡೂವರೆಗೆ ಎಲ್ಲರೂ ಕೋಣೆಯಲ್ಲಿ. ಊಟ, ಮುರುಗಲು ಸಿಪ್ಪೆಯ ಪಾನಕ, ನಿದ್ದೆ. ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ, ಕಷಾಯದ ಪುಡಿ ಊರಿನಿಂದಲೇ ಬರುತ್ತವೆ.

ನಾಲ್ಕು ಗಂಟೆಗೆ ಚಹಾ, ಕಷಾಯ. ನನ್ನ ವಿಧಾನದ ತಿರುಳು ಇಲ್ಲಿದೆ. ಸ್ಮಾರಕಗಳ ಒಳಗೆ ವಿವರಣೆ ಕೊಡುವುದಕ್ಕೆ ಪರವಾನಗಿ ಇರುವ ಗೈಡ್ ಬೇಕು. ಅವರು ಹಿಂದಿಯಲ್ಲಿ ಹೇಳುತ್ತಾರೆ, ನಾನು ಕನ್ನಡಕ್ಕೆ ತಿರುಗಿಸಬೇಕು, ಆ ಗದ್ದಲದಲ್ಲಿ ಹಿಂದೆ ನಿಂತವರಿಗೆ ಎರಡೂ ಕೇಳುವುದಿಲ್ಲ. ಒಮ್ಮೆ ಹಠ ಹಿಡಿದು ಕಿವಿಗೆ ಹಾಕುವ ಆಡಿಯೊ ಸೆಟ್ಟುಗಳನ್ನು ತರಿಸಿದೆ, ಇಪ್ಪತ್ತು ಸಾವಿರದ ಮೇಲೆ ಬಿತ್ತು. ಶ್ರವಣ ಸಾಧನ ಇದ್ದವರಿಗೆ ಕಿವಿಯಲ್ಲಿ ಕೀಚಲು ಸದ್ದು, ಕೆಲವರದು ಚಾರ್ಜ್ ಇಲ್ಲ, ಒಬ್ಬರು ಅದನ್ನು ಮೊಬೈಲ್ ಎಂದುಕೊಂಡು ಮಗಳ ಜತೆ ಮಾತಾಡಲು ನೋಡಿದರು. ಆ ಪೆಟ್ಟಿಗೆ ಈಗಲೂ ಅಟ್ಟದ ಮೇಲಿದೆ, ಬೇಕಾದವರು ಅರ್ಧ ಬೆಲೆಗೆ ಒಯ್ಯಬಹುದು.

ಕೊನೆಗೆ ಎಲ್ಲ ಮಾತನ್ನೂ ನಾಲ್ಕು ಗಂಟೆಗೆ ತಂದೆ. ಹೋಟೆಲಿನ ಊಟದ ಕೋಣೆಯಲ್ಲಿ ಕೂರಿಸಿ ಮುಕ್ಕಾಲು ಗಂಟೆ ಕಥೆ ಹೇಳುತ್ತೇನೆ. 1911ರ ಡಿಸೆಂಬರಿನ ದರ್ಬಾರಿನಲ್ಲಿ ಐದನೇ ಜಾರ್ಜ್ ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ತರುವುದಾಗಿ ಸಾರಿದ್ದು, ಊರು ಕಟ್ಟಿ ಉದ್ಘಾಟಿಸುವಷ್ಟರಲ್ಲಿ 1931 ಆದದ್ದು, ಅಷ್ಟು ಖರ್ಚು ಮಾಡಿ ಕಟ್ಟಿದವರು ಅದರಲ್ಲಿ ಹದಿನಾರೇ ವರ್ಷ ಕುಳಿತು ಎದ್ದುಹೋದದ್ದು. ಸಂಜೆ ಸ್ಥಳಕ್ಕೆ ಹೋದಾಗ ನಾನು ಬಾಯಿ ಬಿಡುವುದಿಲ್ಲ. ಅವರೇ ಒಬ್ಬರಿಗೊಬ್ಬರು ತೋರಿಸಿ ಹೇಳಿಕೊಳ್ಳುತ್ತಾರೆ. ಪರವಾನಗಿಯ ಗೈಡ್ ಕೆಂಪುಕೋಟೆಗೆ, ಕುತುಬಿಗೆ ಮಾತ್ರ ಸಾಕು. ಬೇರೆ ಜಿಲ್ಲೆಯವರಿಗೆ ಇದು ಒಗ್ಗುತ್ತದೋ ಹೇಳಲಾರೆ, ನಮ್ಮವರು ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದವರು, ಕುಳಿತು ಮಾತು ಕೇಳುವುದು ಅವರಿಗೆ ಶ್ರಮವೇ ಅಲ್ಲ. ರಾತ್ರಿ ಪಾಳಿಗೆ ವಯಸ್ಸಾದವರು ತಾಳುವುದಿಲ್ಲ ಎಂದು ನನಗೆ ಬುದ್ಧಿ ಹೇಳಿದವರು ಕೂಡ ಇದನ್ನು ಮರೆತಿದ್ದರು. ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಕೊಟ್ಟಿಗೆಗೆ ಹೋದ ಜನಕ್ಕೆ ರಾತ್ರಿ ಹತ್ತು ಯಾವ ಲೆಕ್ಕ?

ಮೊದಲ ಸಂಜೆ ಹುಮಾಯೂನನ ಗೋರಿ. ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡುವುದಾಗಿ ಪುರಾತತ್ತ್ವ ಇಲಾಖೆ 2019ರಲ್ಲಿ ಪ್ರಕಟಿಸಿದಾಗ ಆ ಪಟ್ಟಿಯಲ್ಲಿ ಇದೂ ಇತ್ತು, ನಮ್ಮ ಗೋಳಗುಮ್ಮಟ, ಪಟ್ಟದಕಲ್ಲುಗಳೂ ಇದ್ದವು. ಹಗಲು ಕೆಂಪು ಕಲ್ಲು ಕಾಣುತ್ತದೆ, ರಾತ್ರಿ ಬಿಳಿ ಗುಮ್ಮಟ ಒಂದೇ ಮೇಲೆದ್ದು ನಿಲ್ಲುತ್ತದೆ. ಬೆಳಕಿರುವಾಗಲೇ ಒಳಗೆ ಹೋಗಿ ಕತ್ತಲಾದ ಮೇಲೆ ಹೊರಬಂದರೆ ಒಂದೇ ಟಿಕೆಟಿನಲ್ಲಿ ಎರಡೂ ಆಯಿತು. ಎಷ್ಟು ಹೊತ್ತಿಗೆ ಒಳಹೋಗಬೇಕು, ಯಾವ ಮೂಲೆಯಲ್ಲಿ ಕೂರಿಸಬೇಕು ಎಂಬುದನ್ನು ನಾನು ಹೇಳುವುದಿಲ್ಲ. ನಾಲ್ಕಾರು ಸಲ ಹೋದರೆ ನಿಮಗೇ ತಿಳಿಯುತ್ತದೆ.

ಎರಡನೆಯ ಸಂಜೆ ರಾಷ್ಟ್ರೀಯ ಯುದ್ಧ ಸ್ಮಾರಕ. ಪ್ರವೇಶಕ್ಕೆ ದುಡ್ಡಿಲ್ಲ. ಅಮರ ಜವಾನ್ ಜ್ಯೋತಿ ಇನ್ನೂ ಇಂಡಿಯಾ ಗೇಟಿನಡಿಯಲ್ಲೇ ಇದೆ ಎಂದುಕೊಂಡವರು ಬಹಳ. ಅದನ್ನು 2022ರ ಜನವರಿಯಲ್ಲಿ ಇಲ್ಲಿನ ಜ್ಯೋತಿಯೊಡನೆ ಸೇರಿಸಿದರು. ಬೇರೆ ಗುಂಪುಗಳು ಜ್ಯೋತಿ ನೋಡಿ ಹೊರಡುತ್ತವೆ. ನಾನು ಪಕ್ಕದ ಪರಮ ಯೋಧ ಸ್ಥಳಕ್ಕೆ ಕರೆದೊಯ್ಯುತ್ತೇನೆ. ಪರಮವೀರ ಚಕ್ರ ಪಡೆದ 21 ಜನರ ಕಂಚಿನ ಪ್ರತಿಮೆಗಳು ಅಲ್ಲಿವೆ, ಅವರಲ್ಲಿ ಒಬ್ಬರು ಕಾರವಾರ ತಾಲ್ಲೂಕಿನ ಚೆಂಡಿಯಾದ ರಾಮ ರಾಘೋಬ ರಾಣೆ. 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಾಜೌರಿಗೆ ಟ್ಯಾಂಕುಗಳು ಹೋಗುವ ದಾರಿಯ ನೆಲಬಾಂಬು, ತಡೆಗಳನ್ನೆಲ್ಲ ಗುಂಡಿನ ಮಳೆಯ ನಡುವೆ ತೆಗೆದವರು. ಇಲ್ಲಿಯೂ ಮೊದಲು ಏನೂ ಹೇಳುವುದಿಲ್ಲ, ಹುಡುಕಿ ಎಂದು ಬಿಡುತ್ತೇನೆ. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯ ಮುಂದೆ ದಿನವೂ ಓಡಾಡುವವರು ಹೆಸರು ಓದಿ ಕೂಗಿದ್ದು ಕೇಳಿಸಿದರೆ ಕಾವಲಿನವರು ಸುಮ್ಮನಿರಿ ಎಂದು ಕೈಮಾಡುತ್ತಾರೆ.

ಅಂಕೋಲೆಯ ಗುಂಪು ಇದ್ದರೆ ಸರ್ದಾರ್ ಪಟೇಲ್ ಮಾರ್ಗದ ಗ್ಯಾರಾ ಮೂರ್ತಿ, ಅಂದರೆ ದಂಡಿ ಯಾತ್ರೆಯ ಹನ್ನೊಂದು ಪ್ರತಿಮೆಗಳನ್ನು ಸೇರಿಸುತ್ತೇನೆ. ಗಾಂಧೀಜಿ ಮುಂದೆ, ಹಿಂದೆ ಹತ್ತು ಜನ, ದೇವಿಪ್ರಸಾದ ರಾಯ್‌ ಚೌಧುರಿಯವರ ಶಿಲ್ಪ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಕಾಯಿಸಿದವರ ಮೊಮ್ಮಕ್ಕಳು ಅದನ್ನು ನೋಡುವ ರೀತಿಯೇ ಬೇರೆ. ಅಲ್ಲಿ ವಾಹನ ನಿಲ್ಲಿಸುವ ಉಪಾಯ ನನ್ನ ಚಾಲಕನಿಗೆ ಗೊತ್ತು, ಚಾಲಕನ ನಂಬರನ್ನು ಕೇಳಬೇಡಿ. ಕೊನೆಯ ರಾತ್ರಿ ಬಂಗ್ಲಾ ಸಾಹಿಬ್ ಗುರುದ್ವಾರ. ತಲೆಗೆ ಬಟ್ಟೆ ಬೇಕು, ನಮ್ಮವರ ಹೆಗಲ ಮೇಲೆ ಶಾಲು ಇದ್ದೇ ಇರುತ್ತದೆ.

ಈ ಕ್ರಮವನ್ನು ಬೇರೆಡೆ ಹಚ್ಚಿ ನೋಡಿದ್ದೂ ಉಂಟು. ಬನವಾಸಿಯೂ ರಾಜಧಾನಿಯೇ ಅಲ್ಲವೇ, ಕದಂಬರದು! ಹುಣ್ಣಿಮೆಯ ದಿನ ಒಂದು ಗುಂಪನ್ನು ಹಗಲು ಮಧುಕೇಶ್ವರ ದೇವಸ್ಥಾನಕ್ಕೆ, ರಾತ್ರಿ ವರದೆಯ ದಂಡೆಗೆ ಒಯ್ದೆ. ದೇವಸ್ಥಾನದ ಬಾಗಿಲು ಹಾಕಿತ್ತು, ಸೊಳ್ಳೆ ಮಾತ್ರ ತೆರೆದ ಮನಸ್ಸಿನಿಂದ ಬರಮಾಡಿಕೊಂಡಿತು. ತಲೆಗೆ ಮುನ್ನೂರು ಪಡೆದಿದ್ದೆ, ನೂರೈವತ್ತು ಹಿಂದಿರುಗಿಸಿದೆ. ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಆಗ ದೀಪ ಹಾಕುತ್ತಿದ್ದುದು ಭಾನುವಾರ, ರಜಾದಿನಗಳಲ್ಲಿ. ಅದಕ್ಕೆ ಹೊಂದಿಸಿ ಹೋದರೆ ಉಳಿದೆಲ್ಲ ಹೊತ್ತು ರಸ್ತೆಯಲ್ಲೇ ಕಳೆಯಿತು. ಎರಡನ್ನೂ ಬಿಟ್ಟೆ.

ಕಾಲದ ವಿಷಯ. ನವೆಂಬರಿನಿಂದ ಜನವರಿವರೆಗೆ ನಾನು ದಿಲ್ಲಿಗೆ ಯಾರನ್ನೂ ಒಯ್ಯುವುದಿಲ್ಲ. ಹೊಗೆ, ಆಮೇಲೆ ಮಂಜು, ಜನವರಿಯಲ್ಲಿ ಕರ್ತವ್ಯ ಪಥದ ತುಂಬ ಗಣರಾಜ್ಯೋತ್ಸವದ ತಡೆಗೋಡೆ. ಒಂದು ನವೆಂಬರಿನಲ್ಲಿ ಇಂಡಿಯಾ ಗೇಟಿನಡಿ ನಿಂತರೂ ಅದರ ತುದಿ ಮಸುಕಾಗಿತ್ತು, ಇಬ್ಬರಿಗೆ ದಮ್ಮು ಹತ್ತಿ ಎರಡು ರಾತ್ರಿ ಪಾಳಿ ರದ್ದು. ಹೇಗೂ ಆಗ ನಮ್ಮಲ್ಲಿ ಕೊನೆಕೊಯ್ಲು (ಅಡಕೆ ಗೊನೆ ಕೊಯ್ಯುವ ಕಾಲ), ಯಾರೂ ಮನೆ ಬಿಡುವುದಿಲ್ಲ. ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದದ್ದು ಎಲ್ಲರಿಗೂ ಬೇಸರ, ನನಗೆ ಲಾಭ: ಮಾರ್ಚಿನ ಟಿಕೆಟಿಗೆ ಜನವರಿಯಲ್ಲಿ ಹಣ ಕೇಳಿದರೆ ಸಾಕು, ಅಷ್ಟರಲ್ಲಿ ಒಂದಿಷ್ಟು ಅಡಕೆ ಮಾರಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಮಾತ್ರ ಆ ಹೊತ್ತಿಗೆ ಶಿರಸಿಯಿಂದ ಒಬ್ಬರೂ ಹೊರಡುವುದಿಲ್ಲ. ಆ ವರ್ಷ ಕರಾವಳಿಯವರನ್ನೇ ನಂಬಿಕೊಳ್ಳಬೇಕು.

ಸೂತಕದ ಲೆಕ್ಕವನ್ನೂ ಕಲಿಯಿರಿ. ಒಂದೇ ಕುಟುಂಬದ ಎಂಟು ಜನ ಒಟ್ಟಿಗೆ ಬಂದರೆ ಹಿಗ್ಗಬೇಡಿ. ಹೊರಡುವ ಮೂರು ದಿನ ಮೊದಲು ದಾಯಾದಿಯೊಬ್ಬರು ತೀರಿಕೊಂಡರೆ ಎಂಟೂ ಹೋಯಿತು, ಟಿಕೆಟಿನ ಕಡಿತ, ಕೋಣೆಯ ಮುಂಗಡ ಎಲ್ಲ ನಿಮ್ಮ ತಲೆಗೆ, ದುಃಖದ ಮನೆಗೆ ಹೋಗಿ ದುಡ್ಡು ಕೇಳುವಂತೆಯೂ ಇಲ್ಲ. ನಾನು ಒಂದು ಮನೆತನದಿಂದ ನಾಲ್ಕಕ್ಕಿಂತ ಹೆಚ್ಚು ಜನರನ್ನು ಸೇರಿಸುವುದಿಲ್ಲ.

ಈಗ ರೈಲು ಸೇರಿ ತಲೆಗೆ ಹದಿನೇಳು, ಹದಿನೇಳೂವರೆ ಸಾವಿರ. ನಾಲ್ಕು ರಾತ್ರಿ ಕೋಣೆ, ಊಟ, ವಾಹನ, ಗೈಡ್ ಎಲ್ಲ ಕಳೆದು ನನಗೆ ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ ಉಳಿಯುತ್ತದೆ. ಕುಮಟಾ ಕಡೆಯ ಒಬ್ಬರು ನನ್ನ ಪಟ್ಟಿಯನ್ನು ಹಾಗೆಯೇ ನಕಲು ಮಾಡಿ, ಮಧ್ಯಾಹ್ನದ ನಿದ್ದೆಯ ಜಾಗದಲ್ಲಿ ಇನ್ನೆರಡು ಸ್ಥಳ ಸೇರಿಸಿ, ಒಂದು ಸಾವಿರ ಕಡಿಮೆಗೆ ಕರೆದೊಯ್ಯುತ್ತಿದ್ದಾರೆ. ಅವರ ಜತೆ ಹೋಗಿ ಬಂದ ದಂಪತಿ ಮುಂದಿನ ಮಾರ್ಚಿಗೆ ನನ್ನ ಬಳಿ ಮುಂಗಡ ಕೊಟ್ಟಿದ್ದಾರೆ.