ಸೆಟ್ ಅಂದರೆ ಕೂರಿಸು: ಒಂದು ಪುಟ್ಟ ಇಂಗ್ಲಿಷ್ ಪದವನ್ನು ಹಿಡಿಯುವ ಬಗೆ

ಮಂಡ್ಯದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರನ್ನು ಜಾಸ್ತಿ ಕಾಡುವುದು ಉದ್ದುದ್ದ ಪದಗಳಲ್ಲ. ಸೆಟ್, ಗೆಟ್, ರನ್ ಥರದ ಪುಟ್ಟ ಪದಗಳು. 1989ರಲ್ಲಿ ಬಂದ ಆಕ್ಸ್‌ಫರ್ಡ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರುವುದು ಸೆಟ್‌ಗೇ. ಕ್ರಿಯಾಪದವಾಗಿ 430 ಅರ್ಥ, ಅದಕ್ಕೆ ಸುಮಾರು 60,000 ಪದಗಳ ವಿವರಣೆ! ಅಷ್ಟನ್ನೂ ಬಾಯಿಪಾಠ ಮಾಡಲು ಹೋಗಬೇಡಿ, ಆಗುವ ಕೆಲಸ ಅಲ್ಲ.

ಅದರ ಬದಲು ದಸರಾಗೆ ಗೊಂಬೆ ಕೂರಿಸುವುದನ್ನು ನೆನಪು ಮಾಡಿಕೊಳ್ಳಿ. ಮೆಟ್ಟಿಲು ಜೋಡಿಸಿ, ಬಿಳಿ ಬಟ್ಟೆ ಹಾಸಿ, ಪಟ್ಟದ ಗೊಂಬೆಯನ್ನು ಮೇಲಿಟ್ಟು, ಅದು ವಾಲದ ಹಾಗೆ ಬುಡವನ್ನು ಒಂಚೂರು ಒತ್ತುತ್ತೀರಲ್ವಾ, ಆ ಒತ್ತುವುದೇ ಸೆಟ್. ಹಳೇ ಇಂಗ್ಲಿಷಿನಲ್ಲಿ ಇದು ಸೆಟ್ಟನ್, ಸಿಟ್ ಪದದ ಒಡಹುಟ್ಟು. ನಮಗೆ ಕೂರು, ಕೂರಿಸು ಇದ್ದ ಹಾಗೆ ಅವರಿಗೆ ಸಿಟ್, ಸೆಟ್.

ಇದು ಮನಸ್ಸಿನಲ್ಲಿ ಕೂತರೆ ಎಷ್ಟೋ ಅರ್ಥಗಳು ತಾವೇ ಬರುತ್ತವೆ. ಡಾಕ್ಟರು ಮುರಿದ ಮೂಳೆ ಕೂರಿಸಿದರೆ ಸೆಟ್ ದಿ ಬೋನ್. ಉಂಗುರಕ್ಕೆ ಹರಳು ಕೂರಿಸಿದರೂ ಸೆಟ್. ಅಲಾರಂ ಮುಳ್ಳನ್ನು ಐದಕ್ಕೆ ಕೂರಿಸಿದರೂ ಅದೇ. ಕಬ್ಬಿಗೆ ಕೇಂದ್ರ ಸರ್ಕಾರ ಎಫ್‌ಆರ್‌ಪಿ, ಅಂದರೆ ಕನಿಷ್ಠ ಬೆಲೆ, ನಿಗದಿ ಮಾಡುತ್ತದಲ್ಲ, ಅದಕ್ಕೆ ಸೆಟ್ ದಿ ಪ್ರೈಸ್ ಅನ್ನುತ್ತಾರೆ, ಬೆಲೆಯನ್ನು ಒಂದು ಕಡೆ ಕೂರಿಸಿದ ಹಾಗೆ. ಏನನ್ನು ಕೂರಿಸಿದರು ಅಂತ ವಾಕ್ಯದಲ್ಲಿ ಹೇಳದೇ ಇದ್ದರೆ ಅದು ತಾನೇ ಕೂತಿದೆ ಅಂತ ಓದಿಕೊಳ್ಳಿ. ದಿ ಸಿಮೆಂಟ್ ಹ್ಯಾಸ್ ಸೆಟ್ ಅಂದರೆ ಸಿಮೆಂಟು ಗಟ್ಟಿಯಾಗಿದೆ. ಸೂರ್ಯ ಮುಳುಗುವುದಕ್ಕೂ ಇದೇ ಪದ.

ಮುಂದೆ ಎ ಅಥವಾ ದಿ ಇದ್ದರೆ ಮಾತ್ರ ದಾರಿ ಬೇರೆ. ಎ ಸೆಟ್ ಅಂದರೆ ಜೊತೆ, ಗುಂಪು. ಇದಕ್ಕೆ ಬೇರೆಯದೇ ಬೇರಿದೆ: ಲ್ಯಾಟಿನ್ನಿನ ಸೆಕ್ಟಾ, ಹಳೇ ಫ್ರೆಂಚ್ ಮೂಲಕ ಬಂದಿದ್ದು. ಒಂದು ತಟ್ಟೆಗೆ ಎರಡು ಮೂರು ಬರುವ ಸೆಟ್ ದೋಸೆ, ಮೋಟರೂ ಪಂಪೂ ಸೇರಿದ ಪಂಪ್‌ಸೆಟ್ಟು ಎಲ್ಲ ಈ ಮನೆಯವು.

ಇನ್ನು ಸೆಟ್ ಪಕ್ಕದಲ್ಲಿ ಬರುವ ಚಿಕ್ಕ ಪದ. ಕಣ್ಣು ಇಡಬೇಕಾಗಿದ್ದೇ ಅಲ್ಲಿ. ನಮ್ಮ ದೊಡ್ಡಪ್ಪನ ಜಮೀನಿನ ಕೇಸಿನಲ್ಲಿ ಕೆಳಗಿನ ಕೋರ್ಟು ಅವರ ವಿರುದ್ಧ ಆದೇಶ ಕೊಟ್ಟಿತ್ತು, ಅಪೀಲು ಹಾಕಿದ್ದರು. ಒಂದು ದಿನ ವಕೀಲರಿಂದ ಮೆಸೇಜು ಬಂತು, ‘ಆರ್ಡರ್ ಸೆಟ್ ಅಸೈಡ್’ ಅಂತ. ದೊಡ್ಡಪ್ಪ ‘ಪಕ್ಕಕ್ಕೆ ಎತ್ತಿಟ್ಟವ್ರೆ ಕಣೋ, ಇನ್ನೂ ಎಷ್ಟು ವರ್ಷವೋ’ ಅಂದುಕೊಂಡು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಊರಿಗೆ ಹೋದಾಗ ಫೋನ್ ಕೈಗೆ ಕೊಟ್ಟರು. ಓದಿ ಹೇಳಿದೆ: ‘ಆ ಆದೇಶ ರದ್ದಾಗಿದೆ ದೊಡ್ಡಪ್ಪ, ಇದು ನಿಮ್ಮ ಪರವಾಗಿಯೇ ಇದೆ.’ ಮತ್ತೊಮ್ಮೆ ಓದು ಅಂದರು, ಓದಿದೆ. ದುಡ್ಡು ಸೆಟ್ ಅಸೈಡ್ ಮಾಡಿದರೆ ಎತ್ತಿಡುವುದು ನಿಜ. ಆದೇಶವನ್ನು ಮಾಡಿದರೆ ತೆಗೆದು ಹಾಕುವುದು.

ಅದಕ್ಕೇ ಎರಡು ಪದವನ್ನೂ ಒಟ್ಟಿಗೇ ಬರೆದುಕೊಳ್ಳಿ. ಸೆಟ್ ಅಪ್, ಅಂಗಡಿ ಇಡುವುದು. ಸೆಟ್ ಔಟ್, ಹೊರಡುವುದು. ಸೆಟ್ ಆಫ್ ಅಂದರೂ ಹೊರಡುವುದೇ, ಪಟಾಕಿಯ ಜೊತೆ ಬಂದರೆ ಹಚ್ಚುವುದು. ಸೆಟ್ ಇನ್ ಅಂದರೆ ಮಳೆ ಹಿಡಿದುಕೊಂಡಿತು ಅನ್ನುತ್ತೀವಲ್ಲ, ಹಾಗೆ. ಒಂದು ಹನಿ ಬಿದ್ದು ಹೋದರೆ ಅದು ಸೆಟ್ ಇನ್ ಅಲ್ಲ. ಸೆಟ್‌ಬ್ಯಾಕ್ ಅಂದರೆ ಹಿನ್ನಡೆ, ಆದರೆ ಮೈಸೂರಿನಲ್ಲಿ ಸೈಟು ತಗೊಂಡು ಮನೆ ಕಟ್ಟುವವರಿಗೆ ಅದು ಗೋಡೆಗೂ ಕಾಂಪೌಂಡಿಗೂ ನಡುವೆ ಬಿಡಬೇಕಾದ ಜಾಗ.

ನಾವೇ ಮಾಡಿಕೊಂಡಿರುವ ಸೆಟ್ ಒಂದಿದೆ, ಅದರ ಬಗ್ಗೆ ಹುಷಾರಾಗಿರಿ. ‘ಬೆಂಗಳೂರು ನನಗೆ ಸೆಟ್ ಆಗಲ್ಲ’ ಅಂತ ಕನ್ನಡದಲ್ಲಿ ಆರಾಮಾಗಿ ಹೇಳಿ, ಚೆನ್ನಾಗಿದೆ. ಇಂಟರ್ವ್ಯೂನಲ್ಲಿ ಅದನ್ನೇ ಇಂಗ್ಲಿಷಿಗೆ ತಿರುಗಿಸಿದರೆ ಕೇಳಿದವರಿಗೆ ಅರ್ಥವಾಗುವುದಿಲ್ಲ. ಅಲ್ಲಿ ಹೊಂದುವುದು ಅನ್ನುವ ಅರ್ಥದ ಸೂಟ್ ಪದ ಬೇಕು. ಹುಡುಗನಿಗೆ ಕೆಲಸ ಸಿಕ್ಕಿ ಲೈಫ್ ಸೆಟ್ ಆಯ್ತು ಅನ್ನುವ ಕಡೆ ಸೆಟಲ್ಡ್. ಮತ್ತೆ ಸೆಟ್ಟೆಡ್ ಅಂತ ಬರೆಯಬೇಡಿ. ನಿನ್ನೆ ಮಾಡಿದ್ದಕ್ಕೂ ಸೆಟ್ಟೇ.

ಅಭ್ಯಾಸಕ್ಕೆ ಇವತ್ತಿನ ಇಂಗ್ಲಿಷ್ ಪೇಪರ್ ಸಾಕು. ಸೆಟ್ ಬಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಮೊದಲು ಕೂರಿಸು ಅಂತ ಇಟ್ಟು ಓದಿ, ಹೊಂದದಿದ್ದರೆ ಪಕ್ಕದ ಪದ ನೋಡಿ, ಆಮೇಲೆ ಡಿಕ್ಷನರಿ ತೆರೆಯಿರಿ. ಕೋರ್ಟಿನ ಸುದ್ದಿಯಿಂದಲೇ ಶುರು ಮಾಡಿ.