ಸೋಪಿನ ಪುಡಿ ಹೇಳುವ ಕೆಚ್ಚಲಿನ ಸುದ್ದಿ

ಹಾಲು ಬೆಳ್ಳಗೇ ಇತ್ತು. ಕೆಚ್ಚಲು ಮೆತ್ತಗಿತ್ತು. ಎಮ್ಮೆ ಮೇವು ಬಿಟ್ಟಿರಲಿಲ್ಲ. ಆದರೂ ಅರ್ಧ ಲೀಟರ್, ಮುಕ್ಕಾಲು ಲೀಟರ್ ಅಂತ ಹಾಲು ಇಳಿಯುತ್ತಲೇ ಹೋಯಿತು. ಮುಧೋಳ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಆಗ ಯಾರಿಗೂ ಕಾರಣ ಹೊಳೆಯಲಿಲ್ಲ. ಹಿಂಡಿ ಬದಲಿಸಿದೆವು, ಕಬ್ಬಿನ ವಾಡೆ ಜಾಸ್ತಿ ಆಯಿತೇನೋ ಅಂದುಕೊಂಡು ಕಣಿಕೆ ಹಾಕಿದೆವು, ಅವ್ವ ದೃಷ್ಟಿಯನ್ನೂ ತೆಗೆದಳು. ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಹಿಂದಿನ ಎಡ ಮೊಲೆಯಿಂದ ಹಳದಿ ನೀರು ಬಂತು, ಅದರಲ್ಲಿ ಒಡೆದ ಹಾಲಿನಂಥ ಚೂರುಗಳು. ಔಷಧ ಕೊಡಿಸಿದರೂ ಆ ಮೊಲೆ ಬತ್ತಿ ಹೋಯಿತು.

ಅದು ಗುಪ್ತ ಕೆಚ್ಚಲು ಬಾವು. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಆದರೆ ಬಟ್ಟೆ ಒಗೆಯುವ ಪುಡಿಗೆ ಸಿಗುತ್ತದೆ. ಎರಡು ನಿಮಿಷದ ಕೆಲಸ. ಆಗಲೇ ಗೊತ್ತಿದ್ದರೆ ಆ ಮೊಲೆ ಉಳಿಯುತ್ತಿತ್ತೇನೋ ಅಂತ ಇವತ್ತಿಗೂ ಅನಿಸುತ್ತದೆ, ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು. ಮೊಲೆಯೊಳಗೆ ರೋಗಾಣು ಹೊಕ್ಕರೆ ಅದರ ಜೊತೆ ಹೋರಾಡಲು ರಕ್ತದ ಬಿಳಿ ಕಣಗಳು ಹಾಲಿಗೆ ಇಳಿಯುತ್ತವೆ. ಸೋಪು ಆ ಕಣಗಳ ಪೊರೆ ಒಡೆಯುತ್ತದೆ. ಒಳಗಿನ ಡಿಎನ್‌ಎ ಎಳೆಗಳು ಹೊರಬಂದು ಒಂದಕ್ಕೊಂದು ಸುತ್ತಿಕೊಂಡು ಲೋಳೆ ಆಗುತ್ತವೆ. ಕಣ ಜಾಸ್ತಿ ಇದ್ದಷ್ಟೂ ಲೋಳೆ ಗಟ್ಟಿ. ಇದನ್ನೇ ಬಳಸಿ 1957ರಲ್ಲಿ ಶಾಲ್ಮ್ ಮತ್ತು ನೂರ್ಲ್ಯಾಂಡರ್ ಅನ್ನುವವರು ಕ್ಯಾಲಿಫೋರ್ನಿಯಾ ಪರೀಕ್ಷೆ ರೂಪಿಸಿದರು. ಪಶುವೈದ್ಯರು ಇವತ್ತಿಗೂ ಸಿಎಂಟಿ, ಅಂದರೆ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ (ಕೆಚ್ಚಲು ಬಾವು) ಟೆಸ್ಟ್ ಅನ್ನುವುದು ಅದಕ್ಕೇ. ಆ ಪರೀಕ್ಷೆಗೆ ಬಳಸುವ ದ್ರಾವಣದ ಬದಲು ಮನೆಯ ಸೋಪಿನ ಪುಡಿಯೂ ನಡೆಯುತ್ತದೆ ಅಂತ 1990ರ ದಶಕದಲ್ಲಿ ಪಾಕಿಸ್ತಾನದ ಪಶುವೈದ್ಯ ಸಂಶೋಧಕರು ತೋರಿಸಿದರು. ಅಲ್ಲೂ ನಮ್ಮ ಹಾಗೆಯೇ ಒಂದೆರಡು ಎಮ್ಮೆ ಕಟ್ಟಿದ ರೈತರೇ ಜಾಸ್ತಿ, ಅಲ್ವಾ?

ಈಗ ಮಾಡುವುದು ಹೇಗೆ ನೋಡಿ. ಒಂದು ಲೀಟರ್ ನೀರಿಗೆ 30 ಗ್ರಾಂ ಪುಡಿ ಹಾಕಿ ಚೆನ್ನಾಗಿ ಕರಗಿಸಿ. ಅಂದಾಜಿನಲ್ಲಿ ಹಾಕಬೇಡಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿಕೊಂಡು ಯಾವ ಚಮಚಕ್ಕೆ ಎಷ್ಟು ಅಂತ ಗುರುತು ಮಾಡಿಟ್ಟುಕೊಳ್ಳಿ. ನಾಲ್ಕು ಸಣ್ಣ ಬಟ್ಟಲು ಬೇಕು. ಮೊಲೆಗೊಂದು. ಎಲ್ಲ ಮೊಲೆಯ ಹಾಲನ್ನು ಒಂದೇ ಬಟ್ಟಲಿಗೆ ಹಿಂಡಿದರೆ ಏನೂ ತಿಳಿಯುವುದಿಲ್ಲ, ಮೂರು ಒಳ್ಳೆ ಮೊಲೆಯ ಹಾಲು ಕೆಟ್ಟದ್ದನ್ನು ಮುಚ್ಚಿಬಿಡುತ್ತದೆ.

ಹಿಂಡುವ ಮೊದಲು ಕೆಚ್ಚಲು ತೊಳೆದು ಒಣಗಿದ ಬಟ್ಟೆಯಿಂದ ಒರೆಸಿ. ಮೊದಲ ಮೂರ್ನಾಲ್ಕು ಎಳೆ ಕಪ್ಪು ತಟ್ಟೆಗೆ ಹಿಂಡಿ ನೋಡಿ, ಚೂರುಗಳಿದ್ದರೆ ಅಲ್ಲೇ ಕಾಣುತ್ತವೆ. ಆ ಹಾಲನ್ನು ಸುಮ್ನೆ ನೆಲಕ್ಕೆ ಬಿಡಬೇಡಿ. ಎಮ್ಮೆ ಮಲಗುವುದು ಅದೇ ನೆಲದ ಮೇಲೆ. ಆಮೇಲೆ ಪ್ರತಿ ಬಟ್ಟಲಿಗೆ ಒಂದು ಚಮಚ ಹಾಲು, ಅಷ್ಟೇ ಸೋಪಿನ ನೀರು. ನೊರೆ ಬರುವ ಹಾಗೆ ಕಲಕಬೇಡಿ, ಬಟ್ಟಲನ್ನು ಮೆಲ್ಲಗೆ ಗುಂಡಾಗಿ ತಿರುಗಿಸುತ್ತಾ ಇರಿ. ತಿರುಗಿಸುವಾಗಲೇ ನೋಡಬೇಕು.

ಒಳ್ಳೆ ಹಾಲು ನೀರಿನ ಹಾಗೆ ಸಲೀಸಾಗಿ ಸುತ್ತುತ್ತದೆ, ಬಾಗಿಸಿದರೆ ಹನಿ ಹನಿಯಾಗಿ ಬೀಳುತ್ತದೆ. ಸ್ವಲ್ಪ ತೊಂದರೆ ಇದ್ದರೆ ಬಟ್ಟಲಿನ ತಳದಲ್ಲಿ ತೆಳು ಎಳೆಗಳು ಕಾಣುತ್ತವೆ. ಜಾಸ್ತಿ ಇದ್ದರೆ ಇಡೀ ಹಾಲು ಒಂದಾಗಿ, ಹಸಿ ಮೊಟ್ಟೆಯ ಬಿಳಿ ಭಾಗದಂತೆ ನಡುಗುತ್ತಾ ನಡುವೆ ಗುಪ್ಪೆ ಕಟ್ಟುತ್ತದೆ, ಬಾಗಿಸಿದರೆ ಒಂದೇ ಸಲಕ್ಕೆ ಜಾರುತ್ತದೆ. ಒಮ್ಮೆ ನೋಡಿದರೆ ಸಾಕು, ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಈದ ಮೊದಲ ವಾರ ಹತ್ತು ದಿನ, ಮತ್ತೆ ಹಾಲು ಬತ್ತುವ ಕೊನೆಯ ದಿನಗಳಲ್ಲಿ ಆರೋಗ್ಯವಾಗಿದ್ದರೂ ಲೋಳೆ ಬರಬಹುದು. ಆಗ ನಾಲ್ಕೂ ಬಟ್ಟಲಲ್ಲಿ ಒಂದೇ ತರ ಬಂದರೆ ಗಾಬರಿ ಬೇಡ. ಒಂದರಲ್ಲಿ ಮಾತ್ರ ಗಟ್ಟಿ ಬಂದರೆ ಅದರ ಮೇಲೆ ಕಣ್ಣಿಡಿ.

ಲೋಳೆ ಬಂತು, ಮುಂದೇನು? ಮೆಡಿಕಲ್ ಅಂಗಡಿಗೆ ಓಡಿ ಯಾವುದೋ ಟ್ಯೂಬ್ ತಂದು ಮೊಲೆಗೆ ಏರಿಸುವುದು ಮಾತ್ರ ಬೇಡ, ಕೈಮುಗಿದು ಹೇಳುತ್ತೇನೆ. ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಅನ್ನುವುದು ಪ್ರಯೋಗಾಲಯದಲ್ಲಿ ತಿಳಿಯುತ್ತದೆ, ಮತ್ತು ಅದಕ್ಕೆ ಹಾಲಿನ ಮಾದರಿಯನ್ನು ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ತೆಗೆಯಬೇಕು. ವೈದ್ಯರಿಂದ ಸ್ಟೆರೈಲ್ ಬಾಟಲಿ, ಅಂದರೆ ರೋಗಾಣು ಇಲ್ಲದಂತೆ ಶುದ್ಧ ಮಾಡಿದ್ದು, ಪಡೆಯಿರಿ. ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಆರಲು ಬಿಡಿ. ಮೊದಲ ಎಳೆಗಳನ್ನು ಬಿಟ್ಟು, ಬಾಟಲಿಯನ್ನು ಓರೆ ಹಿಡಿದು ಹಿಂಡಿ. ಬಾಯಿ ಮೊಲೆಗೆ ತಾಗಬಾರದು. ಯಾವ ಮೊಲೆ, ಯಾವ ದಿನ ಅಂತ ಚೀಟಿ ಹಚ್ಚಿ, ಮಂಜುಗಡ್ಡೆ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಮಾದರಿ ಎಲ್ಲಿಗೆ ಕೊಡಬೇಕು ಅಂತ ನಿಮ್ಮ ಪಶು ಆಸ್ಪತ್ರೆಯಲ್ಲೇ ಕೇಳಿ. ಕೆಚ್ಚಲು ಕಲ್ಲಾಗಿದ್ದರೆ, ಜ್ವರ ಇದ್ದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಔಷಧ ನಡೆಯುವಾಗ ಮತ್ತು ಮುಗಿದ ಮೇಲೂ ವೈದ್ಯರು ಹೇಳಿದಷ್ಟು ದಿನ ಆ ಹಾಲು ಡೇರಿಗೆ ಬೇಡ, ಮನೆಯ ಮಕ್ಕಳಿಗೂ ಬೇಡ. ನಷ್ಟ ಅನಿಸುತ್ತದೆ, ಗೊತ್ತು. ಆದರೂ ಬೇಡ.

ಇನ್ನು ದಿನದ ರೂಢಿ. ಹಿಂಡಿದ ಮೇಲೆ ಮೊಲೆಯ ತೂತು ತಕ್ಷಣ ಮುಚ್ಚುವುದಿಲ್ಲ, ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಎಮ್ಮೆ ಮಲಗದಂತೆ ಗೋದಲಿಗೆ ಹಸಿ ಮೇವು ಹಾಕಿ. ಮೊಲೆಗಳನ್ನು ಪೋವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಬಾವಿರುವ ಎಮ್ಮೆಯನ್ನು ಎಲ್ಲದರ ಕೊನೆಗೆ ಹಿಂಡಿ, ಕೈ ತೊಳೆಯಿರಿ.

ನಾವು ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಈ ಪರೀಕ್ಷೆ ಮಾಡುತ್ತೇವೆ, ದಿನ ಮರೆಯುವುದಿಲ್ಲ. ದನದ ಮನೆಯ ಗೋಡೆಯ ಮೇಲೆ ಪ್ರತಿ ಎಮ್ಮೆಗೆ ಸುಣ್ಣದಲ್ಲಿ ನಾಲ್ಕು ಗುಂಡು ಬರೆದಿದ್ದೇವೆ. ಲೋಳೆ ಬಂದ ಮೊಲೆಯ ಗುಂಡಿನೊಳಗೆ ಇದ್ದಿಲಿನಿಂದ ತಾರೀಕು. ವೈದ್ಯರು ಬಂದಾಗ ಮೊದಲು ಆ ಗೋಡೆಯನ್ನೇ ನೋಡುತ್ತಾರೆ.