ದುಬಾರಿ ಲ್ಯಾನ್ ಕೇಬಲ್ ಕೊಳ್ಳುವ ಮುನ್ನ ಮನೆಯಲ್ಲೇ ಮಾಡಿ ನೋಡಬೇಕಾದ್ದು

ದುಬಾರಿ ಲ್ಯಾನ್ ಕೇಬಲ್ ಹಾಕಿದರೆ ಹಾಡು ಇನ್ನೂ ಚೆನ್ನಾಗಿ ಕೇಳುತ್ತದೆ ಎಂಬ ಮಾತಿದೆ. ಸ್ಟ್ರೀಮರ್‌ನಲ್ಲಿ (ನೆಟ್‌ವರ್ಕ್‌ನಿಂದ ಹಾಡು ತರಿಸಿ ನುಡಿಸುವ ಪೆಟ್ಟಿಗೆ) ಹಾಡು ಓಡುತ್ತಿರುವಾಗಲೇ ಅದರ ಹಿಂದಿನ ಲ್ಯಾನ್ ಕೇಬಲ್ ಕಿತ್ತುಬಿಡಿ. ಹೆದರಬೇಡಿ, ಏನೂ ಹಾಳಾಗುವುದಿಲ್ಲ. ಬಹಳಷ್ಟು ಸ್ಟ್ರೀಮರ್‌ಗಳಲ್ಲಿ ಹಾಡು ನಿಲ್ಲದೆ ಮುಂದುವರಿಯುತ್ತದೆ, ಕೆಲವದರಲ್ಲಿ ಒಂದಿಷ್ಟು ಸೆಕೆಂಡು, ಕೆಲವದರಲ್ಲಿ ಹಾಡು ಮುಗಿಯುವ ತನಕ. ಆ ಹೊತ್ತಿನಲ್ಲಿ ನೀವು ಕೇಳುತ್ತಿರುವುದು ಕೇಬಲ್ಲೇ ಇಲ್ಲದ ಸಂಗೀತ. ತಂಬೂರಿಯ ಷಡ್ಜ ಬದಲಾಯಿತೇ? ಮೃದಂಗದ ತೊಪ್ಪಿಯ ಗುಮ್ಕಿ ತೆಳುವಾಯಿತೇ? ಕಣ್ಣು ಮುಚ್ಚಿ ಕೇಳಿ, ಆಮೇಲೆ ಮುಂದೆ ಓದಿ.

ಮೈಸೂರಿನಲ್ಲಿ ಮನೆ, ಆಫೀಸುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವುದು ನನ್ನ ಕೆಲಸ. ರಾತ್ರಿ ಊಟ ಮುಗಿಸಿ ವೀಣೆ ಕೇಳುತ್ತಾ ಕೂರುವುದು ಬಹುಕಾಲದ ಅಭ್ಯಾಸ. ಹಾಗಾಗಿ ಈ ಪ್ರಶ್ನೆ ನನಗೆ ಎರಡೂ ಕಡೆಯಿಂದ ಬರುತ್ತದೆ. ಮೊನ್ನೆ ಕುವೆಂಪುನಗರದ ಹಿರಿಯರೊಬ್ಬರು ಅಂಗೈಯಲ್ಲಿ ಹೊಳೆಯುವ ಹೆಣಿಗೆಯ ಕೇಬಲ್ ಹಿಡಿದು, "ಇದನ್ನ ಹಾಕಿದ್ರೆ ಸೌಂಡು ಬಿಚ್ಚಿಕೊಳ್ಳುತ್ತಂತೆ, ಹೌದೇನಪ್ಪಾ?" ಅಂದರು. "ಇಲ್ಲ ಸಾರ್," ಅಂದೆ. ಸರಿಯಾಗಿ ಕೆಲಸ ಮಾಡುವ ಎರಡು ಲ್ಯಾನ್ ಕೇಬಲ್‌ಗಳ ನಡುವೆ ದನಿಯ ವ್ಯತ್ಯಾಸ ಇರುವುದಿಲ್ಲ, ಬೆಲೆ ಎಷ್ಟೇ ಇರಲಿ. ಒಂದು ಅಪವಾದವಿದೆ, ಅದು ಮುಂದೆ ಬರುತ್ತದೆ. ನನ್ನ ಮಾತನ್ನು ನಂಬಿ ಎಂದು ಹೇಳುತ್ತಿಲ್ಲ. ಪರೀಕ್ಷೆ ಮಾಡುವುದು ಹೇಗೆ ಎಂದು ಹೇಳುತ್ತೇನೆ.

ಮೊದಲು ಒಳಗೆ ಏನಾಗುತ್ತದೆ ನೋಡಿ. ಸಿಡಿ ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ ಬೇಕಾದ್ದು ಸುಮಾರು 1.4 ಮೆಗಾಬಿಟ್. 24 ಬಿಟ್, 192 ಕಿಲೋಹರ್ಟ್ಸ್‌ನ ಕಡತಕ್ಕೆ 9.2 ಮೆಗಾಬಿಟ್. ಹಳೆಯ 100 ಮೆಗಾಬಿಟ್ ಪೋರ್ಟಿಗೂ ಇದು ಹತ್ತನೇ ಒಂದು ಪಾಲಿನ ಕೆಲಸ. ದತ್ತಾಂಶ 1500 ಬೈಟ್‌ವರೆಗಿನ ತುಂಡುಗಳಾಗಿ ಬರುತ್ತದೆ, ಪ್ರತಿ ತುಂಡಿನ ಕೊನೆಗೂ 32 ಬಿಟ್‌ನ ತಾಳೆ ಸಂಖ್ಯೆ ಇರುತ್ತದೆ. ಒಂದೇ ಒಂದು ಬಿಟ್ ಹೆಚ್ಚುಕಮ್ಮಿಯಾದರೂ ಸ್ಟ್ರೀಮರ್ ಇಡೀ ತುಂಡನ್ನು ಎಸೆದು ಮತ್ತೆ ತರಿಸಿಕೊಳ್ಳುತ್ತದೆ. ಹೀಗೆ ಬಂದದ್ದು ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ, ಸ್ಟ್ರೀಮರ್‌ನ ಮೆಮೊರಿಯಲ್ಲಿ ಕೂರುತ್ತದೆ. ಕಾರ್ಪೊರೇಷನ್ ನೀರು ಬಿಟ್ಟು ಬಿಟ್ಟು ಬಂದರೂ ಮೇಲಿನ ಟ್ಯಾಂಕ್ ತುಂಬಿದ್ದರೆ ಬಚ್ಚಲ ನಲ್ಲಿಯಲ್ಲಿ ಒಂದೇ ಸಮನೆ ಬರುವಂತೆ, ಡ್ಯಾಕ್ (ಬಿಟ್‌ಗಳನ್ನು ದನಿಯ ಸಂಕೇತವಾಗಿ ಬದಲಿಸುವ ಭಾಗ) ತನ್ನದೇ ಗಡಿಯಾರದ ಲೆಕ್ಕದಲ್ಲಿ ಆ ಮೆಮೊರಿಯಿಂದ ಎತ್ತಿಕೊಳ್ಳುತ್ತದೆ. "ಜಿಟ್ಟರ್ ಕಡಿಮೆ ಮಾಡುವ ಕೇಬಲ್" ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ (ಜಿಟ್ಟರ್ ಅಂದರೆ ಬಿಟ್‌ಗಳ ಸಮಯದ ಏರುಪೇರು) ಆ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಕೇಬಲ್ ಕಿತ್ತರೂ ಹಾಡು ನಿಲ್ಲದ್ದಕ್ಕೆ ಕಾರಣವೂ ಇದೇ.

ಸಂಕೇತದ ದಿಕ್ಕು ಇದೇ ಎಂದು ಕೇಬಲ್ ಮೇಲೆ ಹಾಕಿರುವ ಬಾಣದ ಗುರುತಿನ ಬಗ್ಗೆಯೂ ಕೇಳುತ್ತಾರೆ. ಗಿಗಾಬಿಟ್ ಸಂಪರ್ಕದಲ್ಲಿ ನಾಲ್ಕೂ ಜೋಡಿ ತಂತಿಗಳಲ್ಲಿ ಸಂಕೇತ ಎರಡೂ ದಿಕ್ಕಿಗೆ ಏಕಕಾಲಕ್ಕೆ ಓಡಾಡುತ್ತದೆ. ಬಾಣ ಯಾವ ಕಡೆ ತಿರುಗಿದ್ದರೂ ಒಂದೇ. 2008ರಲ್ಲಿ ಡೆನಾನ್ ಎಂಬ ಆಡಿಯೊ ಕಂಪನಿ ತನ್ನ ಉಪಕರಣಗಳನ್ನು ಜೋಡಿಸಲು ಲ್ಯಾನ್ ಪ್ಲಗ್ಗಿನ ಒಂದೂವರೆ ಮೀಟರ್ ಕೇಬಲ್ಲನ್ನು 499 ಡಾಲರಿಗೆ ಮಾರಾಟಕ್ಕಿಟ್ಟಿತ್ತು, ಅದರ ಮೇಲೂ ಬಾಣಗಳಿದ್ದವು.

ಈಗ ಗಂಭೀರವಾಗಿ ತೆಗೆದುಕೊಳ್ಳಬೇಕಾದ ವಾದಕ್ಕೆ ಬರುತ್ತೇನೆ. "ಬಿಟ್‌ಗಳು ಸರಿಯಾಗೇ ಬರುತ್ತವೆ, ಆದರೆ ರೂಟರಿನ ವಿದ್ಯುತ್ ನಾಯ್ಸ್ ತಂತಿ ಹಿಡಿದು ಆಂಪ್ಲಿಫೈಯರಿಗೆ ನುಗ್ಗುತ್ತದೆ" ಎನ್ನುವವರಿದ್ದಾರೆ. ಇದನ್ನು ತಳ್ಳಿಹಾಕಲಾಗದು. ಪ್ರತಿ ಲ್ಯಾನ್ ಪೋರ್ಟಿನೊಳಗೂ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದು 1500 ವೋಲ್ಟ್ ತಡೆಯಬೇಕೆಂಬುದು ಈಥರ್ನೆಟ್ ನಿಯಮ. ಹಾಗಾಗಿ ಒಳಗಿನ ಎಂಟು ತಂತಿಗಳಿಗೆ ಆ ಕಡೆಗೂ ಈ ಕಡೆಗೂ ನೇರ ಸಂಪರ್ಕವಿಲ್ಲ. ಆದರೆ ಶೀಲ್ಡ್ (ತಂತಿಗಳ ಸುತ್ತ ಲೋಹದ ಹೊದಿಕೆ) ಇರುವ ಕೇಬಲ್ಲಿನ ಲೋಹದ ಪ್ಲಗ್ ಈ ಟ್ರಾನ್ಸ್‌ಫಾರ್ಮರಿನ ಮೂಲಕ ಹೋಗದೆಯೇ ಎರಡೂ ತುದಿಯ ಪೆಟ್ಟಿಗೆಗಳ ಮೈಯನ್ನು ಬೆಸೆದುಬಿಡಬಹುದು. ರೂಟರ್ ಬದಿಯ ನೆಟ್‌ವರ್ಕ್ ಸ್ವಿಚ್ಚು ಒಂದು ಕೋಣೆಯ ಅರ್ಥಿಂಗ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಕೋಣೆಯ ಅರ್ಥಿಂಗ್‌ನಲ್ಲಿ ಇದ್ದರೆ 50 ಹರ್ಟ್ಸ್‌ನ ಗುಂಯ್ ಎನ್ನುವ ಹಮ್ ಶುರುವಾಗಬಹುದು. ದುಬಾರಿ ಕೇಬಲ್‌ಗಳಲ್ಲಿ ಬಹಳಷ್ಟು ಶೀಲ್ಡ್ ಇರುವಂಥವೇ. ಅಂದರೆ ಹಣ ಕೊಟ್ಟು ತೊಂದರೆ ತಂದುಕೊಳ್ಳುವ ಸಾಧ್ಯತೆಯೂ ಇದೆ.

ಪತ್ತೆ ಹಚ್ಚುವುದು ಸುಲಭ. ಹಾಡು ನಿಲ್ಲಿಸಿ, ವಾಲ್ಯೂಮ್ ನೀವು ಕೇಳುವ ಮಟ್ಟದಲ್ಲೇ ಇರಲಿ, ಫ್ಯಾನ್ ಆರಿಸಿ. ಸ್ಪೀಕರಿಗೆ ಕಿವಿ ಹತ್ತಿರ ಇಡಿ, ಇನ್ನೊಬ್ಬರಿಗೆ ಲ್ಯಾನ್ ಕೇಬಲ್ ತೆಗೆಯಲು ಹೇಳಿ. ಹಮ್ ನಿಂತಿತೋ, ಆ ಕೇಬಲ್ಲಿನ ಜಾಗಕ್ಕೆ ಪ್ಲಾಸ್ಟಿಕ್ ಪ್ಲಗ್ಗಿನ ಮಾಮೂಲಿ ಯುಟಿಪಿ (ಶೀಲ್ಡ್ ಇಲ್ಲದ) ಕೇಬಲ್ ಹಾಕಿ. ನಿಲ್ಲಲಿಲ್ಲವೋ, ಕೇಬಲ್ಲಿನದಲ್ಲ ತಪ್ಪು, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನ ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಕಿತ್ತು ಹಮ್ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಪಿನ್ ಇರುವುದು ನಿಮ್ಮ ಜೀವ ಕಾಯಲು.

ಇನ್ನು ಕಿವಿಯ ಪರೀಕ್ಷೆ. ಯಾವ ಕೇಬಲ್ ಹಾಕಿದೆ ಎಂದು ಗೊತ್ತಿದ್ದರೆ ಕಿವಿ ಆ ತಿಳಿವಳಿಕೆಯ ಹಿಂದೆಯೇ ಹೋಗುತ್ತದೆ. ಎಂಥ ನುರಿತ ಕೇಳುಗನಿಗೂ ಅಷ್ಟೇ. ಆದ್ದರಿಂದ ಮನೆಯ ಇನ್ನೊಬ್ಬರ ಸಹಾಯ ಬೇಕು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ನಿಮಿಷದ ಭಾಗ ಆರಿಸಿಕೊಳ್ಳಿ. ನಾನು ವೀಣೆಯ ಆಲಾಪನೆಯನ್ನು ಬಳಸುತ್ತೇನೆ, ಮೀಟಿನ ನಂತರ ನಾದ ಇಳಿಯುವ ಪರಿ ಕಿವಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ವಾಲ್ಯೂಮ್ ಮುಟ್ಟಬೇಡಿ. ಪ್ರತಿ ಸರದಿಗೂ ಸಹಾಯಕರು ನಾಣ್ಯ ಚಿಮ್ಮಿ ಯಾವ ಕೇಬಲ್ ಎಂದು ತೀರ್ಮಾನಿಸಬೇಕು. ಅದೇ ಕೇಬಲ್ ಮತ್ತೆ ಬಂದರೂ ಒಮ್ಮೆ ಕಿತ್ತು ಹಾಕಬೇಕು, ಇಲ್ಲದಿದ್ದರೆ ಟಕ್ ಶಬ್ದವೇ ಗುಟ್ಟು ಬಿಟ್ಟುಕೊಡುತ್ತದೆ. ನೀವು ಆ ಹೊತ್ತು ಕೋಣೆಯ ಹೊರಗಿರಿ, ಅವರು ಹಾಕಿದ್ದು ಯಾವುದೆಂದು ನಿಮ್ಮ ಮುಖ ನೋಡದೆ ಚೀಟಿಯಲ್ಲಿ ಬರೆದುಕೊಳ್ಳಲಿ. ನೀವು ಕೇಳಿ, ಯಾವ ಕೇಬಲ್ ಎಂಬ ನಿಮ್ಮ ಊಹೆ ಹೇಳಿ. ಹೀಗೆ ಹತ್ತು ಸರದಿ. ಹತ್ತಕ್ಕೆ ಎಂಟು ಸರಿಯಾದರೂ ಸಂಭ್ರಮಿಸಬೇಡಿ, ಬರೀ ಊಹೆಯಿಂದ ಎಂಟು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಹೆಚ್ಚು. ಒಂಬತ್ತು ಬಂದರೆ ಅದು ನೂರಕ್ಕೆ ಒಂದರ ಹತ್ತಿರ ಇಳಿಯುತ್ತದೆ. ಆಗ ಇನ್ನೊಂದು ದಿನ ಪೂರ್ತಿ ಮತ್ತೆ ಮಾಡಿ.

ಕೇಬಲ್ ಕೊಳ್ಳುವಾಗ ನಿಜಕ್ಕೂ ನೋಡಬೇಕಾದ್ದು ಬೇರೆ ಇದೆ, ನನ್ನ ಕಾಳಜಿ ಇರುವುದೂ ಅಲ್ಲೇ. ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಸಿಸಿಎ ಕೇಬಲ್ ಧಾರಾಳವಾಗಿ ಸಿಗುತ್ತದೆ. ತುದಿಯಲ್ಲಿ ಒಂದು ತಂತಿಯ ಬಣ್ಣದ ಸಿಪ್ಪೆ ಸುಲಿದು ಬ್ಲೇಡಿನಿಂದ ಮೆಲ್ಲಗೆ ಹೆರೆಯಿರಿ. ತಾಮ್ರವಾದರೆ ಎಷ್ಟು ಹೆರೆದರೂ ಕೆಂಪೇ ಕಾಣುತ್ತದೆ, ಸಿಸಿಎ ಆದರೆ ಎರಡು ಗೀರಿಗೇ ಒಳಗಿನ ಬಿಳುಪು ಇಣುಕುತ್ತದೆ. ಸಿಸಿಎ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬೇಗ ಮುರಿದುಹೋಗುತ್ತದೆ. ಅಲ್ಯೂಮಿನಿಯಂನ ಪ್ರತಿರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಪೂರ್ಣ ತಾಮ್ರದ, ಶೀಲ್ಡ್ ಇಲ್ಲದ ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ಕೇಬಲ್, ಹೆಸರು ಕೇಳಿದ ಕಂಪನಿಯದು, ಸಾಕೋ ಸಾಕು. ಕ್ಯಾಟ್ 5ಇ ಗಿಗಾಬಿಟ್ ವೇಗವನ್ನು 100 ಮೀಟರ್ ದೂರ ಒಯ್ಯುತ್ತದೆ, ಮನೆಯೊಳಗೆ ಅಷ್ಟು ದೂರ ಎಲ್ಲಿಂದ ತರುವುದು?

ಪ್ಲಗ್ ಕ್ರಿಂಪ್ ಮಾಡಿಸುವಾಗ (ತಂತಿ ತುದಿಗೆ ಒತ್ತಿ ಕೂರಿಸುವಾಗ) ಪಕ್ಕದಲ್ಲಿ ನಿಲ್ಲಿ. ಜೋಡಿಗಳ ಹೆಣಿಗೆ ಬಿಚ್ಚಿದ್ದು 13 ಮಿಲಿಮೀಟರ್ ಮೀರಬಾರದು, ಹೊರಗಿನ ಬೂದು ಸಿಪ್ಪೆ ಪ್ಲಗ್ಗಿನೊಳಗೆ ಹೋಗಿ ಕಚ್ಚಿಕೊಂಡಿರಬೇಕು. ಬಣ್ಣದ ಕ್ರಮ ಎರಡೂ ತುದಿಯಲ್ಲಿ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟೆಸ್ಟರ್‌ನಲ್ಲಿ ಎಂಟೂ ದೀಪ ಸರದಿಯಾಗಿ ಹತ್ತಿದ ಮೇಲೆಯೇ ದುಡ್ಡು ಕೊಡಿ. ಮನೆ ಕರೆಂಟಿನ ತಂತಿ ಇರುವ ಪೈಪಿನಲ್ಲೇ ಲ್ಯಾನ್ ಕೇಬಲ್ ತೂರಿಸಲು ಬಿಡಬೇಡಿ, ಅದು ಅಪಾಯ. ಕೆಟ್ಟ ಕೇಬಲ್ ಹೇಗೆ ಗೊತ್ತಾಗುತ್ತದೆ ಎಂದರೆ, ಹಾಡು ತಡವರಿಸುತ್ತದೆ, ಮಧ್ಯೆ ನಿಲ್ಲುತ್ತದೆ, ಆ್ಯಪ್‌ನಲ್ಲಿ ಚಕ್ರ ತಿರುಗುತ್ತದೆ. ಬಾಸ್ ಕಡಿಮೆಯಾಗುವುದು, ಗಾಯಕಿಯ ದನಿ ಮಂಕಾಗುವುದು ಕೇಬಲ್ಲಿನ ಲಕ್ಷಣಗಳಲ್ಲ.

ದನಿ ಮಂಕೆನಿಸಿದರೆ ಮೊದಲು ಆ್ಯಪ್‌ನ ಸೆಟ್ಟಿಂಗ್ ತೆರೆದು ಗುಣಮಟ್ಟ ಲಾಸ್‌ಲೆಸ್‌ಗೆ (ಏನೂ ಕತ್ತರಿಸದ ಪೂರ್ಣ ದನಿಗೆ) ಇದೆಯೇ ನೋಡಿ. ಆಮೇಲೆ ಕೋಣೆ. ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ಗಾಜಿನ ಕಿಟಕಿ ಇರುವ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿದರೆ ಚಟಚಟ ಪ್ರತಿಧ್ವನಿ ಬರುತ್ತದೆ. ಸ್ಪೀಕರ್ ಮುಂದೆ ದಪ್ಪ ಜಮಖಾನ ಹಾಸಿ, ಹಿಂಬದಿ ಗೋಡೆಯಿಂದ ಸ್ಪೀಕರನ್ನು ಗೇಣು ಗೇಣಾಗಿ ಮುಂದೆ ತಂದು ಕೇಳಿ. ಈ ವ್ಯತ್ಯಾಸ ಕೇಳಲು ನಾಣ್ಯ ಚಿಮ್ಮಬೇಕಾಗಿಲ್ಲ.

ದುಬಾರಿ ಕೇಬಲ್ ಈಗಾಗಲೇ ತಂದಿದ್ದರೆ ಪೆಟ್ಟಿಗೆ, ಬಿಲ್ಲು ಎತ್ತಿಟ್ಟುಕೊಳ್ಳಿ. ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಹತ್ತು ಸರದಿಯ ಪರೀಕ್ಷೆ ಮುಗಿಸಿ.